ಮಂಜಿನ ದಾರಿಯಲ್ಲಿ ಕಿತ್ತಳೆ ಫ್ಯೂಸು

ಎರಡು ಸಾವಿರ ಕುರಿಗಳಿಗೆ ಸಾಲುವಷ್ಟು ಲಸಿಕೆ ಆ ದಿನ ಮಧ್ಯಾಹ್ನದೊಳಗೆ ಬೆಟ್ಟದ ಆಚೆಗಿನ ಕಣಿವೆ ಮುಟ್ಟಬೇಕಿತ್ತು. ಅದರ ಪಕ್ಕದ ಕಣಿವೆಯಲ್ಲಿ ಕುರಿಸಿಡುಬು ಆಗಲೇ ಮಂದೆಗೆ ಮಂದೆಯನ್ನೇ ಮಲಗಿಸಿತ್ತು. ಬೇನೆ ಇತ್ತ ದಾಟುವ ಮೊದಲು ಚುಚ್ಚುಮದ್ದು ಹಾಕಿದರೆ ಉಂಟು, ತಡವಾದರೆ ಇಲ್ಲ. ಜೊತೆಗೊಂದು ಷರತ್ತು: ದಾರಿಯುದ್ದಕ್ಕೂ ಲಸಿಕೆ ಎಂಟು ಡಿಗ್ರಿ ದಾಟಕೂಡದು. ದಾಟಿದರೆ ಅದು ಬರೀ ನೀರು.

ಅದಕ್ಕೆಂದೇ ಪಶುವೈದ್ಯೆ ತನ್ನ ಅಕ್ಕನ ಗಂಡನನ್ನು ಹಿಡಿದಿದ್ದಳು. ಭಾವನದು ಕಾರುಗಳ ವೈರಿಂಗ್ ಅಂಗಡಿ. ಜೀಪಿನ ಹಿಂಬದಿಯಲ್ಲಿ ಸಣ್ಣದೊಂದು ಫ್ರಿಜ್ ಕೂರಿಸಿ, ಬ್ಯಾಟರಿಯಿಂದ ಅದಕ್ಕೆಂದೇ ಒಂದು ತಂತಿ ಎಳೆದಿದ್ದ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ನೀಲಿ ಬಣ್ಣದ, ಹದಿನೈದು ಆಂಪಿಯರಿನ ಫ್ಯೂಸು. ತಗಡಿನ ತೂತಿನಲ್ಲಿ ತಂತಿ ನುಸುಳುವಲ್ಲಿ ಅಂಚು ಕೊರೆಯದಂತೆ ರಬ್ಬರಿನ ಬಳೆ. ಅರ್ತ್ ತಂತಿ ಬಿಗಿಯುವ ಜಾಗದಲ್ಲಿ ಬಣ್ಣ ಕೆರೆದು ಹೊಳೆಯುವ ಲೋಹ. ಎರಡು ದಿನ ಬೆನ್ನು ಬಗ್ಗಿಸಿ ಮಾಡಿದ ಕೆಲಸ ಅದು.

ಹೊರಡುವ ಬೆಳಿಗ್ಗೆ ಆಸ್ಪತ್ರೆಯ ಅಂಗಳಕ್ಕೆ ಕಾಲಿಟ್ಟವನೇ ಭಾವ ಹುಬ್ಬು ಗಂಟಿಕ್ಕಿದ. ಜೀಪಿನ ನೆತ್ತಿಯ ಮೇಲೆ ನಾಲ್ಕು ದಪ್ಪ ದೀಪಗಳು ಕೂತಿದ್ದವು. ಮೊನ್ನೆ ಇರಲಿಲ್ಲ.

"ಇವೆಲ್ಲಿಂದ ಬಂದ್ವು?"

"ನಾನೇ ಹಾಕಿಸ್ದೆ. ಬೇರೆ ಗ್ಯಾರೇಜಲ್ಲಿ," ಎಂದ ಚಾಲಕ. ಮಾತಾಡಿದರೆ ಮೂರು ಬೀದಿಗೆ ಕೇಳುತ್ತಿದ್ದುದರಿಂದ ಎಲ್ಲರೂ ಅವನನ್ನು ಹಾರ್ನು ಎಂದೇ ಕರೆಯುತ್ತಿದ್ದರು. ಇವತ್ತು ದನಿ ಗಂಟಲಲ್ಲೇ ಉಳಿದಿತ್ತು.

"ಕರೆಂಟು ಎಲ್ಲಿಂದ ತಗೊಂಡಿದ್ದಾರೆ?"

"ಅದು ಬೇರೆ ಲೈನು ಬಿಡಿ."

"ಬಾನೆಟ್ ಎತ್ತು, ಒಂದ್ಸಲ ನೋಡ್ತೀನಿ."

"ಭಾವ, ಆಗಲೇ ತಡವಾಗಿದೆ. ಹತ್ತಿ," ಎಂದಳು ವೈದ್ಯೆ.

ಭಾವ ಹತ್ತಿದ. ಮನಸ್ಸು ಮಾತ್ರ ಬಾನೆಟ್ಟಿನ ಮೇಲೇ ಉಳಿಯಿತು.

ನಾಲ್ಕನೆಯವಳು ಕಣಿವೆಯ ಕುರಿಗಾಹಿ ಹೆಂಗಸು, ಇವರನ್ನು ಕರೆದೊಯ್ಯಲು ಬಂದವಳು. ಕಣಿವೆಯವರಿಗೆಲ್ಲ ಅವಳು ದೊಡ್ಡಮ್ಮ. ಮುಂದಿನ ಸೀಟು ಕೊಟ್ಟರೂ ಬೇಡವೆಂದು ಹಿಂದೆ ಹೋಗಿ ಫ್ರಿಜ್ಜಿಗೆ ಅಂಟಿಕೊಂಡು ಕೂತಳು. ಕೈಗಳು ಕಂಬಳಿಯೊಳಗೆ.

ಊರು ಮುಗಿದು ಹಳ್ಳದ ಪಾತ್ರ ಶುರುವಾಯಿತು. ಮೈಲಿಗಟ್ಟಲೆ ಬೂದು ಬಣ್ಣದ ಉರುಟು ಕಲ್ಲುಗಳು, ನಡುವೆ ಕವಲು ಕವಲಾಗಿ ಹರಿಯುವ ತೆಳು ನೀರು. ಅದನ್ನು ದಾಟಿದ ಮೇಲೆ ದಾರಿ ಬೆಟ್ಟದ ಪಕ್ಕೆಯನ್ನು ಹಿಡಿದು ಸುತ್ತಿ ಸುತ್ತಿ ಏರತೊಡಗಿತು. ಮರಗಳು ಗಿಡಗಳಾದವು, ಗಿಡಗಳು ಹುಲ್ಲಾದವು, ಹುಲ್ಲೂ ಮುಗಿದು ಬರೀ ಬಂಡೆ ಉಳಿಯಿತು. ಎಡಕ್ಕೆ ಗೋಡೆಯಂಥ ಕಲ್ಲು. ಬಲಕ್ಕೆ ಏನೂ ಇಲ್ಲ, ಕೆಳಗೆಲ್ಲೋ ನೀರಿನ ಸದ್ದು ಮಾತ್ರ.

ಮೂರನೇ ತಿರುವಿನಲ್ಲಿ ಮಂಜು ಬಂತು. ಹಾರ್ನು ನೆತ್ತಿಯ ದೀಪಗಳನ್ನು ಹೊತ್ತಿಸಿದ.

"ಡಾಕ್ಟ್ರೇ, ಪೆಟ್ಟಿಗೆ ಆರಿಹೋಯ್ತು," ಎಂದಳು ದೊಡ್ಡಮ್ಮ.

ವೈದ್ಯೆ ತಿರುಗಿ ನೋಡಿದಳು. ಫ್ರಿಜ್ಜಿನ ಮುಚ್ಚಳದ ಮೇಲೆ ಐದು ಎಂದು ಬೆಳಗುತ್ತಿದ್ದ ಅಂಕಿ ಮಾಯವಾಗಿತ್ತು. ಭಾವ ಹಿಂದಕ್ಕೆ ಬಾಗಿ ಸಂದಿ ತಡಕುವಷ್ಟರಲ್ಲಿ ಮಂಜು ಸರಿದು ಬಿಸಿಲು ಬಿತ್ತು. ಸ್ವಲ್ಪ ಹೊತ್ತಿಗೆ ಅಂಕಿಯೂ ಮರಳಿ ಬಂತು. ಈಗ ಆರು.

ಇನ್ನೆರಡು ತಿರುವು. ಮತ್ತೆ ಮಂಜು, ಮತ್ತೆ ಪೆಟ್ಟಿಗೆ ಸತ್ತಿತು. ಬೆಳಗಿದಾಗ ಏಳರ ಹತ್ತಿರ.

"ಭಾವ, ನಿಜ ಹೇಳಿ," ವೈದ್ಯೆಯ ದನಿ ಗಡುಸಾಗಿತ್ತು. "ಸರಕಾರಿ ಕೆಲಸ ಅಂತ ಅಗ್ಗದ ತಂತಿ ಹಾಕಿಬಿಟ್ರಾ?"

ಭಾವನ ಮುಖ ಕೆಂಪಾಯಿತು. "ನನ್ನ ಸ್ವಂತ ಕಾರಿಗೂ ಅಷ್ಟು ಒಳ್ಳೇ ತಂತಿ ಹಾಕಿಲ್ಲ. ನಿನ್ನಕ್ಕನ್ನ ಕೇಳು."

"ತಂತಿ ಅಲ್ಲ," ಹಾರ್ನು ಕನ್ನಡಿಯಲ್ಲಿ ಹಿಂದಕ್ಕೆ ಕಣ್ಣು ಹಾಯಿಸಿದ. "ಆಯಮ್ಮ ಕಂಬಳಿ ಒಳಗೆ ಏನೋ ಮಾಡ್ತಿದ್ದಾರೆ. ಆಗಿಂದ ನೋಡ್ತಿದ್ದೀನಿ. ಅವರ ಕೈ ಆಡಿದಾಗೆಲ್ಲ ಪೆಟ್ಟಿಗೆ ಆರ್ತದೆ."

ಹೌದಲ್ಲ, ಈಕೆ ಯಾಕೆ ಹಟ ಹಿಡಿದು ಹಿಂದೆ ಕೂತಳು? ವೈದ್ಯೆಗೆ ಕೇಳಲು ನಾಚಿಕೆ, ಕೇಳದಿರಲು ಭಯ. ಕಡೆಗೆ ಕೇಳಿದಳು: "ದೊಡ್ಡಮ್ಮ, ಕೈಯಲ್ಲೇನಿದೆ?"

ದೊಡ್ಡಮ್ಮ ಒಂದು ಕ್ಷಣ ನೆಟ್ಟ ನೋಟದಿಂದ ಅವಳನ್ನೇ ನೋಡಿದಳು. ಆಮೇಲೆ ಕಂಬಳಿ ಸರಿಸಿದಳು. ಒಂದು ಪುಟ್ಟ ನೋಟ್‌ಬುಕ್ಕು, ಬೆರಳುದ್ದದ ಪೆನ್ಸಿಲ್ಲು.

"ಹೋದ ವರ್ಷ ಒಬ್ಬ ಬಂದಿದ್ದ. ನಿಮ್ಮ ಥರಾನೇ ಬಿಳಿ ಕೋಟು ಹಾಕ್ಕೊಂಡು. ಬಿಸಿಲಲ್ಲಿ ಕಾದ ಚೀಲದಿಂದ ಔಷಧಿ ತೆಗೆದು ಚುಚ್ಚಿದ. ನನ್ನ ನಲವತ್ತು ಕುರಿ ಹೋದವು. ಈ ಸಲ ನೀವು ಚುಚ್ಚೋದು ನೀರೋ ಔಷಧಿಯೋ ನನಗೆ ಗೊತ್ತಾಗಬೇಕು. ಅದಕ್ಕೇ ಪೆಟ್ಟಿಗೆ ಕಾಯ್ತಿದ್ದೀನಿ."

ತಾವು ಯಾರನ್ನು ಶಂಕಿಸಿದ್ದರೋ ಅವಳು ಬೆಳಗಿನಿಂದ ತಮ್ಮನ್ನೇ ಶಂಕಿಸುತ್ತ ಕೂತಿದ್ದಳು.

ಭಾವ ಪುಸ್ತಕ ಇಸಕೊಂಡ. ಗಂಟೆ, ನಿಮಿಷ, ಅಂಕಿ. ಆರಿದ ಎರಡೂ ಸಲ ಪಕ್ಕದಲ್ಲಿ ಒಂದೇ ಮಾತು: ಮೇಲಿನ ಲೈಟು. ಅವನು ತಲೆಯೆತ್ತುವಷ್ಟರಲ್ಲಿ ಮತ್ತೆ ಮಂಜು ಕವಿದು, ನೆತ್ತಿಯ ದೀಪಗಳು ಹೊತ್ತಿದ್ದವು.

"ಹಾರ್ನು, ಗಾಡಿ ನಿಲ್ಸು."

"ಇಲ್ಲಿ ಬೇಡ. ಮೇಲಿಂದ ಕಲ್ಲು ಉರುಳೋ ಜಾಗ ಇದು."

"ಹಾಗಾದ್ರೆ ಆ ಲೈಟಾದ್ರೂ ಆರ್ಸು!"

ಹಾರ್ನು ಆರಿಸಲಿಲ್ಲ. ಮಂಜು ಗಾಜಿಗೆ ಬಂದು ಬಡಿಯುತ್ತಿತ್ತು. ಅವನ ಹಣೆಯಲ್ಲಿ ಬೆವರು.

ಮೊದಲು ವಾಸನೆ ಬಂತು. ಮೀನು ಸೀದಂಥ ವಾಸನೆ.

ಮರುಗಳಿಗೆಗೆ ದೊಡ್ಡಮ್ಮನ ಕಾಲ ಬಳಿ ನೆಲಹಾಸಿನಡಿಯಿಂದ ಹೊಗೆ ಎದ್ದಿತು.

"ಇಳೀರಿ! ಎಲ್ಲಾ ಇಳೀರಿ!" ಎಂದು ಭಾವ ಕೂಗಿದ.

ಹಾರ್ನು ಬ್ರೇಕು ತುಳಿದ. ಬಲಗಡೆಯ ಚಕ್ರ ಅಂಚಿನಿಂದ ಒಂದು ಮೊಳ ಈಚೆಗೆ ನಿಂತಿತು. ಭಾವ ಸ್ಪ್ಯಾನರ್ ಹಿಡಿದು ಹಾರಿದ. ಬಾನೆಟ್ ಎತ್ತಿದ. ಒಂದು ಸುತ್ತು. ಎರಡು ಸುತ್ತು. ಬ್ಯಾಟರಿಯ ಮೈನಸ್ ತಂತಿ ಕಳಚಿ ಬಂತು.

ನಾಲ್ಕು ದೀಪಗಳೂ ಒಟ್ಟಿಗೆ ಕಣ್ಣು ಮುಚ್ಚಿದವು. ದೊಡ್ಡಮ್ಮ ನೆಲಹಾಸು ಕಿತ್ತು ಹೊರಗೆಸೆದು ಕಾಲಲ್ಲಿ ಹೊಸಕಿದಳು. ಹೊಗೆ ಮೆಲ್ಲಗೆ ತೆಳುವಾಯಿತು.

ಭಾವ ಫ್ಯೂಸಿನ ಡಬ್ಬಿ ತೆರೆದ. ನೀಲಿಯ ಜಾಗದಲ್ಲಿ ಕಿತ್ತಳೆ ಬಣ್ಣ.

"ಇದು ನಲವತ್ತರದ್ದು. ನಾನು ಹಾಕಿದ್ದು ಹದಿನೈದರದ್ದು." ಅದನ್ನು ಕಿತ್ತು ಅಂಗೈ ಮೇಲಿಟ್ಟು ಮೂವರಿಗೂ ತೋರಿಸಿದ. "ಫ್ಯೂಸು ಇರೋದೇ ತಂತಿ ಕಾಯೋಕೆ. ಇಷ್ಟು ದೊಡ್ಡದು ಹಾಕಿದ್ರೆ ತಂತಿ ಸುಟ್ಟರೂ ಇದು ಹಾರಲ್ಲ. ಯಾರ ಕೆಲಸ ಇದು?"

ಭಾವ ಬಾಗಿ ಸೀಟಿನಡಿಯ ತಂತಿ ಎಳೆದ. ಫ್ರಿಜ್ಜಿನ ತಂತಿಯ ಮೈಯನ್ನು ಚಾಕುವಿನಲ್ಲಿ ಸುಲಿದು, ದೀಪದ ತಂತಿ ಹೊಸೆದು, ಮೇಲೆ ಟೇಪು ಸುತ್ತಿದ್ದರು. ದೀಪ ಹೊತ್ತಿದಾಗೆಲ್ಲ ಫ್ರಿಜ್ಜಿನ ಪಾಲಿನ ಕರೆಂಟನ್ನೂ ಅವೇ ಹೀರುತ್ತಿದ್ದವು. ಟೇಪು ಕರಗಿ ಇದ್ದಿಲಾಗಿತ್ತು.

"ಗ್ಯಾರೇಜಿನವನು ಯಾವನೂ ಹೀಗೆ ಮಾಡಲ್ಲ," ಎಂದ ಭಾವ.

"ನಾನೇ ಮಾಡಿದ್ದು." ಹಾರ್ನುವಿನ ದನಿ ಅಷ್ಟು ಸಣ್ಣದಾಗಿದ್ದನ್ನು ಯಾರೂ ಕೇಳಿರಲಿಲ್ಲ. "ಲೈಟು ಹೊತ್ತಿಸಿದಾಗೆಲ್ಲ ನೀಲಿ ಫ್ಯೂಸು ಹಾರ್ತಿತ್ತು. ದೊಡ್ಡದು ಹಾಕ್ದೆ, ನಿಂತಿತು. ಸರಿಹೋಯ್ತು ಅಂದ್ಕೊಂಡೆ."

"ಯಾಕೆ ಬೇಕಿತ್ತು ಈ ಲೈಟು?"

"ಮಂಜಲ್ಲಿ ನಂಗೆ ಕಾಣ್ಸಲ್ಲ ಡಾಕ್ಟ್ರೇ. ಎರಡು ವರ್ಷ ಆಯ್ತು. ಹೇಳಿದ್ರೆ ಸ್ಟೀರಿಂಗ್ ಕಿತ್ಕೋತಾರೆ ಅಂತ ಹೆದರಿಕೆ."

ವೈದ್ಯೆಯ ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಬೆಳಿಗ್ಗೆ ಬಾನೆಟ್ ಎತ್ತಲು ಬಿಡದವಳು ತಾನೇ.

"ಆಮೇಲೆ ಜಗಳ ಆಡೋಣ," ಎಂದಳು. "ಭಾವ, ಎಷ್ಟು ಹೊತ್ತು ಬೇಕು?"

"ಮುಕ್ಕಾಲು ಗಂಟೆ. ಅಲ್ಲೀತನಕ ಯಾರೂ ಮುಚ್ಚಳ ತೆಗೀಬೇಡಿ."

ದೊಡ್ಡಮ್ಮ ತನ್ನ ಕಂಬಳಿ ಬಿಚ್ಚಿ ಫ್ರಿಜ್ಜಿಗೆ ಹೊದಿಸಿದಳು. ತಾನು ಚಳಿಯಲ್ಲಿ ನಿಂತಳು.

ಭಾವ ಸುಟ್ಟ ತಂತಿಯನ್ನು ಪೂರ್ತಿ ಕಿತ್ತೆಸೆದ. ಚೀಲದಲ್ಲಿದ್ದ ಹೊಸ ತಂತಿಯ ಸುರುಳಿ ಬಿಚ್ಚಿದ. ರಬ್ಬರಿನ ಬಳೆಯೂ ಕರಗಿತ್ತು. ಬಳೆಯಿಲ್ಲದೆ ತಗಡಿನ ತೂತಿನಲ್ಲಿ ತಂತಿ ಎಳೆದರೆ ಹತ್ತು ಮೈಲಿ ಕುಲುಕಾಟಕ್ಕೆ ಮೈ ಹರಿದು ಮತ್ತೆ ಬೆಂಕಿ. ವೈದ್ಯೆ ತನ್ನ ರಬ್ಬರ್ ಬೂಟಿನ ತುದಿ ಕತ್ತರಿಸಿ ಕೊಟ್ಟಳು. ಭಾವ ಅದನ್ನು ಸುರುಳಿ ಸುತ್ತಿ ತೂತಿಗೆ ತುರುಕಿದ. ಚಳಿಗೆ ಬೆರಳು ಮರಗಟ್ಟಿದ್ದವು. ಇಕ್ಕಳ ಎರಡು ಸಲ ಜಾರಿ ಬಿತ್ತು.

ಹಾರ್ನು ಮೇಲಿನ ಬಂಡೆಯತ್ತ ಕಿವಿ ನೆಟ್ಟು ನಿಂತಿದ್ದ. ಕಣ್ಣು ಕೈಕೊಟ್ಟರೂ ಕಿವಿ ಚುರುಕಾಗಿತ್ತು.

"ಕಲ್ಲು! ಹಿಂದಕ್ಕೆ!"

ಭಾವನ ಅಂಗಿ ಹಿಡಿದು ಎಳೆದ. ಕುಂಬಳಕಾಯಿ ಗಾತ್ರದ ಕಲ್ಲೊಂದು ಬಂಪರಿಗೆ ಅಪ್ಪಳಿಸಿ ಮಂಜಿನೊಳಕ್ಕೆ ಹಾರಿತು. ಕೆಳಗೆ ತಲುಪಿದ ಸದ್ದು ಬರಲು ಬಹಳ ಹೊತ್ತು ಹಿಡಿಯಿತು.

ಭಾವ ಬಿಳಿಚಿದ ಮುಖದಲ್ಲೇ ಮತ್ತೆ ಬಾಗಿದ. ಒಂದೊಂದು ಜೋಡಣೆಯನ್ನೂ ಎಳೆದೆಳೆದು ನೋಡಿದ. ತಂತಿಯನ್ನು ಬಿಸಿ ಹೊಗೆಕೊಳವೆಯಿಂದ ದೂರ ಸರಿಸಿ ಕಟ್ಟಿದ. ಎಲ್ಲ ಮುಗಿದ ಮೇಲೆ ಕಡೆಯಲ್ಲಿ ನೀಲಿ ಫ್ಯೂಸು ಒತ್ತಿ, ಬ್ಯಾಟರಿ ಬಿಗಿದ.

ಅಂಕಿ ಬೆಳಗಿತು. ಏಳು. ಚುಕ್ಕೆಯಾಚೆ ಸಣ್ಣಕ್ಕೆ ಇನ್ನೊಂದು ಏಳು, ಎಂಟಕ್ಕೆ ಕೂದಲೆಳೆಯಷ್ಟೇ ಬಾಕಿ.

"ದೀಪ?" ಎಂದಳು ವೈದ್ಯೆ.

"ಈವತ್ತು ದೀಪದ ಮಾತೇ ಬೇಡ."

ವೈದ್ಯೆ ಸ್ಟೀರಿಂಗ್ ಹಿಡಿದಳು. ಇಪ್ಪತ್ತು ವರ್ಷ ಓಡಿಸಿದ ದಾರಿ ಹಾರ್ನುವಿಗೆ ಬಾಯಿಪಾಠವಾಗಿತ್ತು. ಅವನು ಪಕ್ಕದಲ್ಲಿ ಕೂತು, "ಈಗ ಎಡಕ್ಕೆ ಒಂಚೂರು. ಮುಂದೆ ಗುಂಡಿ. ಮೆಲ್ಲಗೆ," ಎನ್ನುತ್ತ ಹೋದ. ದೊಡ್ಡಮ್ಮ ತಲೆವಸ್ತ್ರ ಬಿಚ್ಚಿ ಬೀಸುತ್ತ ಮುಂದೆ ನಡೆದಳು. ಆ ಬಿಳಿ ಬಟ್ಟೆಯೊಂದೇ ಗುರುತು. ಅವಳು ನಿಂತರೆ ಜೀಪು ನಿಲ್ಲುತ್ತಿತ್ತು. ಭಾವ ತಂತಿಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದ, ಬಿಸಿಯೇರಿತೇನೋ ಎಂದು. ಏರಲಿಲ್ಲ.

ಘಾಟಿಯ ನೆತ್ತಿ ದಾಟಿದಾಗ ಮಂಜು ಕಾಲಡಿಗೆ ಇಳಿದಿತ್ತು. ಕೆಳಗೆ ಹಸಿರು ಕಣಿವೆ, ಕಲ್ಲಿನ ದೊಡ್ಡಿಗಳು, ದೊಡ್ಡಿ ತುಂಬ ಬಿಳಿ ಕರಿ ಚುಕ್ಕೆಗಳಂತೆ ಕುರಿಗಳು. ಜನ ಬೆಳಗಿನಿಂದ ಕಾದು ಕೂತಿದ್ದರು.

ವೈದ್ಯೆ ಸೀಸೆಗಳ ನಡುವೆ ಇಟ್ಟಿದ್ದ ಥರ್ಮಾಮೀಟರನ್ನು ತೆಗೆದಳು. ದಾರಿಯಲ್ಲಿ ಎಷ್ಟು ಏರಿತ್ತೆಂದು ಅದು ಗುರುತಿಟ್ಟುಕೊಳ್ಳುತ್ತಿತ್ತು. ತಾನು ನೋಡುವ ಮೊದಲು ದೊಡ್ಡಮ್ಮನ ಕೈಗೆ ಕೊಟ್ಟಳು.

"ಏಳೂ ಮುಕ್ಕಾಲು," ಎಂದು ಓದಿದಳು ದೊಡ್ಡಮ್ಮ. ಮತ್ತೊಮ್ಮೆ ಕಣ್ಣಿಗೆ ಹತ್ತಿರ ಹಿಡಿದು ಓದಿದಳು. "ಸರಿ. ಶುರು ಮಾಡಿ."

ಅಂದು ಕತ್ತಲಾಗುವವರೆಗೆ, ಮರುದಿನ ಮಧ್ಯಾಹ್ನದವರೆಗೆ ಚುಚ್ಚಿದರು. ಹಾರ್ನು ಕುರಿಗಳನ್ನು ಹಿಡಿದ, ಭಾವ ಬಣ್ಣ ಬಳಿದು ಗುರುತು ಹಾಕಿದ. ಹೊರಡುವಾಗ ದೊಡ್ಡಮ್ಮ ಧನ್ಯವಾದ ಹೇಳಲಿಲ್ಲ. "ಮೂರು ವಾರ ನೋಡ್ತೀನಿ. ಆಮೇಲೆ ಹೇಳ್ತೀನಿ," ಎಂದಳು.

ಮರಳುವ ದಾರಿಯಲ್ಲಿ ಮಂಜಿರಲಿಲ್ಲ, ಆದರೆ ಹಳ್ಳ ಉಬ್ಬಿತ್ತು. ಭಾವ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದು ಆಳ ನೋಡಿದ. ಹಾರ್ನು ಹಗ್ಗ ಹಿಡಿದ. ಒಮ್ಮೆ ಭಾವ ಮುಗ್ಗರಿಸಿ ಕುತ್ತಿಗೆಯವರೆಗೆ ಮುಳುಗಿದ. ಹಾರ್ನು ಬಿಡಲಿಲ್ಲ, ಅಂಗೈ ಚರ್ಮ ಕಿತ್ತುಬಂದರೂ ಬಿಡಲಿಲ್ಲ. ಜೀಪು ಕೆಮ್ಮುತ್ತ ಆಚೆ ದಡ ಹತ್ತಿದಾಗ ಮೂವರೂ ಒದ್ದೆ ಕಲ್ಲಿನ ಮೇಲೆ ಕೂತು, ಕಾರಣವಿಲ್ಲದೆ ನಕ್ಕರು.

ಆಸ್ಪತ್ರೆಯ ಅಂಗಳದಲ್ಲಿ ಅಕ್ಕ ಕಾಯುತ್ತಿದ್ದಳು. "ಏನ್ರೀ ಇದು ಅವತಾರ!" ಎಂದು ಗಂಡನನ್ನು ಗದರಿಸಿ, ತಂಗಿಯ ಅರೆ ಬೂಟನ್ನು ಬಾಗಿ ನೋಡಿದಳು. ಹಾರ್ನು ನೇರವಾಗಿ ಮೇಲಧಿಕಾರಿಯ ಕೋಣೆಗೆ ಹೋದ. ಅರ್ಧ ಗಂಟೆಯ ಮೇಲೆ ಕಣ್ಣಿನ ಡಾಕ್ಟರಿಗೆ ಬರೆಸಿದ ಚೀಟಿ ಹಿಡಿದು ಹೊರಬಂದ. "ಕನ್ನಡಕ ಬರೋವರೆಗೂ ಊರೊಳಗೆ ಮಾತ್ರ ಓಡಿಸು ಅಂದ್ರು," ಎಂದ. ಈ ಸಲ ಮೂರು ಬೀದಿಗೂ ಕೇಳಿಸಿತು.

ಇಪ್ಪತ್ತೆರಡನೇ ದಿನ ವೈದ್ಯೆಯ ಫೋನು ಬಡಿದುಕೊಂಡಿತು. ಗಾಳಿಯ ಸದ್ದು, ಕುರಿಗಳ ಕೂಗು, ಅದರ ನಡುವೆ ದೊಡ್ಡಮ್ಮನ ದನಿ.

"ಬೇನೆ ಬಂದು ಹೋಯ್ತು. ಒಂದೂ ಬಿದ್ದಿಲ್ಲ."

"ಖಚಿತಾನಾ ದೊಡ್ಡಮ್ಮ?"

"ನಾನೇ ಎಣಿಸಿದ್ದೀನಿ. ನಂಬಿಕೆ ಬರಲಿಲ್ಲ, ಇನ್ನೊಂದ್ಸಲ ಎಣಿಸ್ದೆ."