ಬಾಡಿಗೆ ಕಂಪ್ಯೂಟರಿನ ಮೀಟರು

ಸಂಘದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಕಲ್ಪನಾಳನ್ನು ಆಫೀಸಿನೊಳಗೆ ತಳ್ಳಿ ಹೊರಗಿನಿಂದ ಕೀಲಿ ಜಡಿದಿದ್ದರು. ಕಿಟಕಿಯ ಸರಳಿಗೆ ಮುಖ ಹಚ್ಚಿ ಬೆಳಗಿನಿಂದ ಅವಳದು ಒಂದೇ ಮಾತು: "ನಾ ಮಾಡಿಲ್ರಿ." ಬೆಟಗೇರಿಯ ಜೋಡುಲಾಳಿ ಕೈಮಗ್ಗದ ನೇಕಾರರ ಸಂಘದ ಅಂಗಳದಲ್ಲಿ ಐವತ್ತು ಜನ ಸೇರಿದ್ದರು. ಕೇಳಿಸಿಕೊಳ್ಳುವವರು ಒಬ್ಬರೂ ಇರಲಿಲ್ಲ.

ಸಬ್‌ಇನ್‌ಸ್ಪೆಕ್ಟರ್ ಗುಲ್ನಾಜ ಬಂದವಳೇ ಕೀಲಿ ತೆಗೆಸಿದಳು.

"ಏನಾತು? ಜಲ್ದಿ ಹೇಳ್ರಿ."

ಅಧ್ಯಕ್ಷ ಪ್ರಲ್ಹಾದ ತಾನು ಕಸಿದಿಟ್ಟುಕೊಂಡಿದ್ದ ಕಲ್ಪನಾಳ ಫೋನನ್ನು ಚಾಚಿದ. "ನಿನ್ನಿ ಸಂಜಿಮುಂದ ಎರಡ ತಿಂಗಳದ ಬಿಲ್ ಒಮ್ಮೆಲೇ ಬಂತ್ರಿ ಮೇಡಮ್. ನಾಕೂವರಿ ಲಕ್ಷ! ನೂಲು ತರಾಕ ಇಟ್ಟಿದ್ದ ರೊಕ್ಕ ಎಲ್ಲಾ ಹೋಗತೈತಿ. ಈಕಿ ಹೆಸರಿಲೇ ಆಗೇತಿ. ಒಳಗ ಹಾಕ್ರಿ."

ಸಂಘ ಆನ್‌ಲೈನಿನಲ್ಲಿ ಸೀರೆ ಮಾರುತ್ತಿತ್ತು. ಅದಕ್ಕಾಗಿ ಎಲ್ಲೋ ದೂರದ ಕಂಪ್ಯೂಟರನ್ನು ಇಂಟರ್ನೆಟ್ಟಿನ ಮೂಲಕ ಬಾಡಿಗೆಗೆ ಹಿಡಿದಿತ್ತು. ಬಳಸಿದಷ್ಟು ಹೊತ್ತಿಗೆ ಬಾಡಿಗೆ, ಆಟೋ ಮೀಟರಿನ ಹಾಗೆ. ಈಗ ಯಾರೋ ಕಲ್ಪನಾಳ ಹೆಸರಿನಲ್ಲಿ ಅಂಥವೇ ಭಾರೀ ಬಾಡಿಗೆಯ ಯಂತ್ರಗಳನ್ನು ಹಿಡಿದು ಎರಡು ತಿಂಗಳಿನಿಂದ ದಿನವಿಡೀ ಓಡಿಸಿದ್ದರು.

"ಪಾಸ್‌ವರ್ಡ್ ಯಾರಿಗೆ ಗೊತ್ತೈತಿ?"

"ನನಗೊಬ್ಬಾಕಿಗೇರಿ," ಎಂದಳು ಕಲ್ಪನಾ. ಹುಚ್ಚು ಹುಡುಗಿ, ತನ್ನ ಕುತ್ತಿಗೆಗೆ ತಾನೇ ಉರುಳು ಹಾಕಿಕೊಂಡಳು.

"ಈ ಖಾತೆ ಮೊದಲಿಗೆ ತೆರದ ಕೊಟ್ಟಾಂವ ನಾನ್ರಿ," ಎಂದ ಸೀರೆಯ ಡಿಸೈನು ಮಾಡುವ ಮನೋಹರ. "ಆಮ್ಯಾಲೆ ಮುಟ್ಟಿಲ್ಲ. ಹೊರದೇಶದ ಹ್ಯಾಕರ್ ಇರಬೇಕ್ರಿ."

ಗುಲ್ನಾಜ ಫೋನಿನಲ್ಲಿ ಲೆಕ್ಕ ತೆರೆದಳು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಯಂತ್ರ ಶುರು. ಇವತ್ತು ಮಾತ್ರ ಇಲ್ಲ.

"ನೋಡ್ರಿ ಮತ್ತ!" ಪ್ರಲ್ಹಾದ ಕೂಗಿದ. "ಈಕಿನ್ನ ಕೂಡಿ ಹಾಕಿವಿ, ಮೀಟರ್ ನಿಂತೈತಿ!"

ಕಲ್ಪನಾ ಹೊಸ್ತಿಲ ತನಕ ಬಂದು ನಿಂತಳು. ಬಾಗಿಲು ತೆರೆದಿತ್ತು, ಆದರೆ ಹೊರಗೆ ಹೋಗುವ ದಾರಿಯೇ ಮುಚ್ಚಿಹೋಗಿತ್ತು.

* * *

ಗುಲ್ನಾಜ ಹೊರಗೆ ಕಿವಿಗೊಟ್ಟಳು. ಓಣಿಯಲ್ಲಿ ಒಂದು ಮಗ್ಗದ ಸದ್ದೂ ಇಲ್ಲ. ಅವಳು ಬೆಳೆದದ್ದು ಇದೇ ಬೆಟಗೇರಿಯಲ್ಲಿ, ಮಗ್ಗದ ಮನೆಯ ಪಕ್ಕದಲ್ಲಿ. ತಿಂಗಳಿಗೊಂದು ದಿನ ಈ ಸದ್ದು ಯಾಕೆ ನಿಲ್ಲುತ್ತದೆಂದು ಅವಳಿಗೆ ಗೊತ್ತು. ಫೋನಿನ ಲೆಕ್ಕವನ್ನು ಹಿಂದಕ್ಕೆ ಸರಿಸಿದಳು. ಹೋದ ತಿಂಗಳೂ ಮಗ್ಗ ನಿಂತ ಆ ಒಂದು ದಿನ ಖಾಲಿ ಇತ್ತು.

"ಮನೋಹರ, ನಿಮ್ಮ ಲ್ಯಾಪ್‌ಟಾಪ್ ತಗೀರಿ. ಒಂದ ಡಿಸೈನ್ ನೋಡೂನು."

"ಇವತ್ತ ಅಮಾಸಿರಿ," ಎಂದ ಮನೋಹರ, ಥಟ್ಟನೆ. "ನಂಗ ಲ್ಯಾಪ್‌ಟಾಪ್ ಅಂದ್ರ ಮಗ್ಗ ಇದ್ದಂಗ. ಅಮಾಸಿಗೆ ಮುಟ್ಟಂಗಿಲ್ರಿ."

ಪ್ರಲ್ಹಾದ ಮೆಚ್ಚಿ ತಲೆಯಾಡಿಸಿದ.

"ಕಲ್ಪನಾ, ಹ್ವಾದ ಅಮಾಸಿಗೆ ನೀ ಎಲ್ಲಿದ್ದಿ?"

"ಇಲ್ಲೇ ರೀ. ಆರ್ಡರ್ ಭಾಳ ಇದ್ದುವು, ಸಂಜಿತನ ಕಂಪ್ಯೂಟರ್ ಮುಂದ ಕುಂತಿದ್ದೆ. ಅಧ್ಯಕ್ಷರು ಬೈದ್ರು."

"ಬೈದೆ ಖರೆ," ಎಂದ ಪ್ರಲ್ಹಾದ. "ಮಗ್ಗ ನಿಂತ ದಿನ ಕೆಲಸ ಮಾಡಬಾರದಂತ..." ಅವನ ಕಣ್ಣು ಫೋನಿನ ಲೆಕ್ಕದತ್ತ ಹೋಯಿತು.

"ಅವತ್ತ ಈಕಿ ಕೈಯಾಗ ಕಂಪ್ಯೂಟರ್ ಇತ್ತು, ಮೀಟರ್ ಓಡಿಲ್ಲ," ಎಂದಳು ಗುಲ್ನಾಜ. "ಹೊರದೇಶದ ಕಳ್ಳಗ ಅಮಾಸಿ ಯಾಕ ಬೇಕು? ಖಾತೆ ತೆರದಾವ್ರು ನೀವು, ಅವತ್ತಿನ ಪಾಸ್‌ವರ್ಡ್ ಕದ್ದು ಬರದಿಟಗೊಂಡಾವ್ರೂ ನೀವ. ಕಳವ್ಯಾಗೂ ಅಮಾಸಿ ಪಾಲಿಸಿದ್ರಿ, ಮನೋಹರ."

ಲ್ಯಾಪ್‌ಟಾಪನ್ನು ಗುಲ್ನಾಜಳೇ ತೆರೆದಳು. ಪವರ್‌ಲೂಮ್ ಅಂಗಡಿಗಳಿಗೆ ಮಾಡಿಕೊಟ್ಟ ಸಾವಿರಾರು ಸೀರೆಯ ಚಿತ್ರಗಳು ಅದರಲ್ಲಿದ್ದವು. ಎಲ್ಲವೂ ಸಂಘದ ಬಾಡಿಗೆ ಯಂತ್ರದಲ್ಲಿ ತಯಾರಾದವು, ನಕಲು ಮಾಡಿದ್ದು ಇವರ ಮಗ್ಗದ ಸೆರಗನ್ನೇ.

"ತಪ್ಪಾತವ್ವಾ," ಪ್ರಲ್ಹಾದ ಕಲ್ಪನಾಳತ್ತ ಆಫೀಸಿನ ಕೀಲಿ ಚಾಚಿದ.

ಕಲ್ಪನಾ ಅದನ್ನು ಕಿಟಕಿಯಾಚೆ ಎಸೆದಳು. ಬಾಗಿಲು ಮುಚ್ಚದಂತೆ ಒಂದು ಇಟ್ಟಿಗೆ ಅಡ್ಡ ಇಟ್ಟು, ಕಂಪ್ಯೂಟರ್ ಹಚ್ಚಿ, ಪಾಸ್‌ವರ್ಡ್ ಬದಲಿಸಿದಳು. ಇವತ್ತು ಅಮಾವಾಸ್ಯೆ ಎಂದು ಯಾರೂ ಬೈಯಲಿಲ್ಲ.