ಮಂಜುಗಣ್ಣನ ಪುಸ್ತಕದ ಮನೆ

ಬಹಳ ಹಿಂದೆ, ಹೊಳೆಗಳು ತಮಗೆ ಬೇಕಾದ ಕಡೆ ಹರಿಯುತ್ತಿದ್ದ ಕಾಲದಲ್ಲಿ, ಓಲೆಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಬಾಚಲೆ ಎಂಬ ಹುಡುಗಿ ಇದ್ದಳು. ಹಳೆಯ ಓಲೆಗರಿ ಪುಸ್ತಕ ಎಷ್ಟು ಸವೆದಿದೆ, ಎಷ್ಟು ಬಾಳುತ್ತದೆ ಎಂದು ನೋಡಿ ಹೇಳುವುದು ಅವಳ ಮನೆತನದ ಕಸುಬು. ಅವಳ ಅಪ್ಪ ಸಿರಿಯಣ್ಣ ಅದೇ ಕೆಲಸಕ್ಕೆ ಮಂಜುಗಣ್ಣನೆಂಬ ಮಾಂತ್ರಿಕನ ಮನೆಗೆ ಹೋದವನು ಮರಳಿರಲಿಲ್ಲ. ಮೂರು ತಿಂಗಳು ಕಾದಳು. ಆಮೇಲೆ ಬೆಲೆ ಕಟ್ಟಬೇಕಾದದ್ದನ್ನು ಇಟ್ಟು ನೋಡುವ ಪರೀಕ್ಷೆಯ ಕೆಂಪು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟಳು.

ಮಾಂತ್ರಿಕನ ಬಾಗಿಲಲ್ಲಿ ಒಂದು ಹುಲಿ ಮಲಗಿತ್ತು. ಅದರ ಮೈಯನ್ನು ಗೆದ್ದಲು ತಿಂದಿತ್ತು. ತೂತುಗಳೊಳಗಿಂದ ಆಚೆಯ ಬಿಸಿಲು ಕಾಣುತ್ತಿತ್ತು. ಹುಲಿ ಅವಳನ್ನು ಮೂಸಿ ದಾರಿ ಬಿಟ್ಟಿತು.

ಒಳಗೆ ನೆಲದಿಂದ ಮಾಡಿನವರೆಗೂ ಪುಸ್ತಕಗಳು. ಗಾಳಿ ಇರಲಿಲ್ಲ. ಆದರೂ ಗರಿಗಳು ಮೆಲ್ಲಗೆ ಏರಿ ಇಳಿಯುತ್ತಿದ್ದವು, ನಿದ್ದೆ ಹೋದವರ ಎದೆಯಂತೆ.

"ಅಪ್ಪನನ್ನು ಹುಡುಕಿಕೊಂಡು ಬಂದೆಯೇನೇ?" ಎಂದ ಮಂಜುಗಣ್ಣ. ಅವನ ಕಣ್ಣಲ್ಲಿ ಪಾಪೆ ಇರಲಿಲ್ಲ, ಬಿಳಿ ಹೊಗೆ ಇತ್ತು. "ಮೂರು ಪುಸ್ತಕ ಕೊಡುತ್ತೇನೆ. ಮೂರಕ್ಕೂ ಸರಿಯಾದ ಬೆಲೆ ಹೇಳಿ ಅಪ್ಪನನ್ನು ಕರೆದುಕೊಂಡು ಹೋಗು. ತಪ್ಪಿದರೆ ಆ ಮೂಲೆಯಲ್ಲಿ ಒಂದು ಜಾಗ ಖಾಲಿ ಇದೆ, ನೋಡಿಕೋ."

"ಬೆಲೆ ಹೇಳಲು ನಿನಗೇ ಬರುವುದಿಲ್ಲವೇ, ಅಜ್ಜ?"

"ಬಂದಿದ್ದರೆ ನಿಮ್ಮಂಥವರನ್ನು ಯಾಕೆ ಒಳಗೆ ಬಿಡುತ್ತಿದ್ದೆ? ಬೆಲೆಯಾಗದ ಸರಕನ್ನು ಪಾತಾಳದವರು ಕೊಳ್ಳುವುದಿಲ್ಲ."

ಬಾಚಲೆ ಕೆಂಪು ಬಟ್ಟೆ ಹಾಸಿದಳು.

ಮೊದಲನೆಯ ಪುಸ್ತಕ ತುಂಬ ಹಳೆಯದಾಗಿ ಕಂಡಿತು. ಅವಳು ಮೂಸಿದಳು, ಬೆಳಕಿಗೆ ಹಿಡಿದಳು, ಗರಿ ಎಣಿಸಿದಳು. ಪುಸ್ತಕ ಅಂಗೈಯಲ್ಲಿ ಬೆಚ್ಚಗಿತ್ತು.

"ಹುಳು ಅಡ್ಡಾದಿಡ್ಡಿ ಕೊರೆಯುತ್ತದೆ. ಈ ತೂತುಗಳು ನೇರವಾಗಿವೆ, ಅಂಚು ಕರಿಯಾಗಿದೆ. ಕಾಯಿಸಿದ ಸೂಜಿಯ ಕೆಲಸ. ಇದಕ್ಕೆ ಹತ್ತೇ ವರ್ಷ. ಬೆಲೆ ಎರಡು ಕಾಸು."

"ಭೇಷ್!"

ಎರಡನೆಯದು ದಪ್ಪ, ನುಣುಪು, ಬೆಚ್ಚಗೆ. ಮೂಸಿದಳು, ಬೆಳಕಿಗೆ ಹಿಡಿದಳು, ಗರಿ ಎಣಿಸಿದಳು.

"ಎಪ್ಪತ್ತು ವರ್ಷದ್ದು. ಒಮ್ಮೆಯೂ ಬಿಚ್ಚಿ ಓದಿಲ್ಲ. ದಾರದ ತೂತು ಸವೆದೇ ಇಲ್ಲ. ಬೆಲೆ ನೂರು ಹೊನ್ನು."

ಹೇಳಿ ಮುಗಿಸುವಷ್ಟರಲ್ಲಿ ಪುಸ್ತಕ ಅವಳ ಕೈಯಲ್ಲೇ ತಣ್ಣಗಾಯಿತು.

ಬಾಚಲೆ ಮೊದಲನೆಯದನ್ನು ಮತ್ತೆ ಮುಟ್ಟಿದಳು. ಕಲ್ಲಿನಂತಿತ್ತು. ಪಕ್ಕದ ಸಾಲಿನ ಎರಡನ್ನು ಮುಟ್ಟಿದಳು. ಬೆಚ್ಚಗಿದ್ದವು. ಬೆಲೆ ಹೇಳಿದವು ಮಾತ್ರ ತಣ್ಣಗಾಗಿದ್ದವು. ತನ್ನ ಮಾತೇ ಅವುಗಳ ಜೀವ ತೆಗೆದಿತ್ತೆಂದು ಆಗ ತಿಳಿಯಿತು.

ಮಂಜುಗಣ್ಣ ಮೂರನೆಯದನ್ನು ಬಟ್ಟೆಯ ಮೇಲೆ ಇಟ್ಟ. ಚಿಂದಿ ಪುಸ್ತಕ. ಎಡಮೂಲೆ ಸುಟ್ಟಿತ್ತು. ಹಿಂದೊಮ್ಮೆ ಅರಮನೆಗೆ ಬೆಂಕಿ ಬಿದ್ದಾಗ ಪುಸ್ತಕ ಹೊರಲು ಹೋಗಿ ಅಪ್ಪನ ಎಡಹೆಗಲು ಸುಟ್ಟಿತ್ತು. ಮೂಸಿದಳು. ಹುಳು ಹಿಡಿಯದಂತೆ ಗರಿಗೆ ಹಚ್ಚುವ ಮಜ್ಜಿಗೆಹುಲ್ಲಿನ ಎಣ್ಣೆ, ಜೊತೆಗೆ ಅಪ್ಪನ ನಶ್ಯದ ಘಾಟು. ಗರಿ ಸರಿಸಿದಳು, ನಡುವೆ ಎರಡು ಕಾಣೆಯಾಗಿದ್ದವು. ಅವಳ ಬೆರಳ ಕೆಳಗೆ ಗರಿ ನಡುಗಿತು.

ಬಾಚಲೆ ಅದನ್ನು ಬಟ್ಟೆಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

"ಬೆಲೆ?"

"ಹೇಳುವಂತಿಲ್ಲ. ತನ್ನ ಮನೆಯ ಪುಸ್ತಕಕ್ಕೆ ತಾನೇ ಬೆಲೆ ಹೇಳಬಾರದು. ನಮ್ಮ ಕಸುಬಿನಲ್ಲಿ ಅದು ಕಳ್ಳತನ."

"ನಿನ್ನಪ್ಪನೂ ಏನೇನೋ ಕ್ರಮ ಹೇಳಿ ಹೀಗೇ ಹಟ ಹಿಡಿದ! ಇಡೇ ಅದನ್ನು ಇಲ್ಲಿ! ಹೇಳೇ ಬೆಲೆ!" ಮಾಂತ್ರಿಕ ಬಾಗಿ ಎರಡೂ ಅಂಗೈಗಳನ್ನು ಬಟ್ಟೆಯ ಮೇಲೆ ಬಡಿದ.

ಬಾಚಲೆ ಆ ಕೈಗಳನ್ನು ನೋಡಿದಳು. ಒಂದು ಮಣಿಕಟ್ಟನ್ನು ಹಿಡಿದು ಮೂಸಿದಳು.

"ಏನು ಮಾಡುತ್ತಿದ್ದೀಯೇ?"

"ಬಟ್ಟೆಯ ಮೇಲೆ ಬಂದದ್ದನ್ನು ನೋಡುತ್ತಿದ್ದೇನೆ." ಬೆಳಕಿಗೆ ಹಿಡಿದಳು. "ಮುನ್ನೂರು ವರ್ಷದ್ದು. ಬೆನ್ನು ಮುರಿದಿದೆ. ಚರ್ಮ ಹಳದಿ, ಉಗುರಿನಡಿ ಬೂಷ್ಟು."

"ಬೇಡ ಕಣೇ! ಬಾಯಿ ಮುಚ್ಚು!"

ಅವನು ಎಳೆದ. ಅವಳು ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಎಣಿಸಿದಳು.

"ಯಾರೂ ಪ್ರೀತಿಯಿಂದ ಮುಟ್ಟಿದ ಗುರುತಿಲ್ಲ. ಬೆಲೆ ಒಂದು ಒಡಕು ಕವಡೆ."

ಮಣಿಕಟ್ಟು ಅವಳ ಮುಷ್ಟಿಯಲ್ಲಿ ತಣ್ಣಗಾಯಿತು. ಕಣ್ಣಿನ ಹೊಗೆ ಆರಿತು. ಬಟ್ಟೆಯ ಮೇಲೆ ಒಂದು ಹಳದಿ ಗರಿ ಉಳಿಯಿತು. ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಸಾಲುಗಳು ಕಿರುಗುಟ್ಟಿದವು. ಪುಸ್ತಕವಿದ್ದಲ್ಲೆಲ್ಲ ಮನುಷ್ಯರು ಎದ್ದು ಕುಳಿತರು. ಎರಡು ಕಾಸಿನ ಪುಸ್ತಕವಿದ್ದಲ್ಲಿ ಹತ್ತು ವರ್ಷದ ಮಗು ಅಳುತ್ತಿತ್ತು, ತೋಳ ತುಂಬ ಸೂಜಿಯ ಕಲೆ. ನೂರು ಹೊನ್ನಿನದಿದ್ದಲ್ಲಿ ಒಬ್ಬ ಅಜ್ಜಿ. ಹುಟ್ಟಿದಂದಿನಿಂದ ಅವಳನ್ನು ಯಾರೂ ಮಾತನಾಡಿಸಿರಲಿಲ್ಲ. "ಮಗೂ, ನಿನ್ನ ಊರು ಯಾವುದಪ್ಪಾ?" ಎಂದು ಶುರುಮಾಡಿದವಳು ಮತ್ತೆ ನಿಲ್ಲಿಸಲೇ ಇಲ್ಲ. ಹುಲಿ ಮೈ ತುಂಬಿಕೊಂಡು ಕಾಡಿಗೆ ಹೋಯಿತು.

ಬಾಚಲೆಯ ತೊಡೆಯ ಮೇಲೆ ಸಿರಿಯಣ್ಣ ಕಣ್ಣು ಬಿಟ್ಟ.

"ಹೇಗಿದ್ದೇನೆ, ಮಗಳೇ?"

"ಎರಡು ಗರಿ ಕಳೆದಿವೆ, ಅಪ್ಪ. ಉಳಿದದ್ದು ಗಟ್ಟಿಯಾಗಿದೆ."

ಅವನು ಬಹಳ ಹೊತ್ತು ನೆನಪಿಗೆ ತಡಕಾಡಿದ. "ಆ ಎರಡರಲ್ಲಿ ಏನಿತ್ತೇ?"

"ನಡೆ, ದಾರಿಯಲ್ಲಿ ಹೇಳುತ್ತೇನೆ. ಆ ದಿನಗಳಲ್ಲಿ ನಾನೂ ಜೊತೆಗಿದ್ದೆನಲ್ಲ."

ಆ ದಿನ ಓಲೆಗಿರಿಯ ಮನೆಮನೆಯಲ್ಲೂ ಊಟಕ್ಕೆ ಒಂದೊಂದು ಎಲೆ ಹೆಚ್ಚು ಹಾಕಿದರು. ಮುಂದೆ ಎಲ್ಲರೂ, ಮುಪ್ಪು ಬರುವವರೆಗೂ ಬಂದ ಮೇಲೂ, ನಗುನಗುತ್ತ ಬಾಳಿದರು.