ಕರಗಿದ ಗರಿ

"ಇಸ್ಬೆಲ್, ಬೇಗ ಬಾರಮ್ಮಾ! ಅಪ್ಪನ ಪೆಟ್ಟಿಗೆ ಹಾಳಾಗ್ಹೋಯ್ತು!"

ಆರ್ಚಿ ಟಲ್ಲಕ್ ಬಾಗಿಲು ಬಡಿದಾಗ ಇಸ್ಬೆಲ್ ಗೆಡ್ಡಿಸ್ ಇನ್ನೂ ಗಂಜಿಯ ಬಟ್ಟಲು ಮುಟ್ಟಿರಲಿಲ್ಲ. ಪೊಲೀಸ್ ಕೆಲಸ ಬಿಟ್ಟು ಒಂಬತ್ತು ವರ್ಷವಾಗಿದ್ದರೂ ಸ್ಪೇ ನದಿ ದಂಡೆಯ ಆ ಊರು ಅವಳನ್ನು ಸುಮ್ಮನಿರಲು ಬಿಟ್ಟಿರಲಿಲ್ಲ. ಜೊತೆಗೆ ಹೊರಟ ಗೆಳೆಯ ಫರ್ಗಸ್‌ಗೂ ಸಾಕುಸಾಕಾಗಿತ್ತು. ನಲವತ್ತು ವರ್ಷ ನೀರಲ್ಲಿ ನಿಂತು ಪರರಿಗೆ ಸಾಲ್ಮನ್ ಮೀನು ಹಿಡಿಸಿಕೊಟ್ಟು ಅವನ ಮಂಡಿ ಸವೆದಿತ್ತು.

ಮೀನುಗಾರರ ಸಂಘದ ಕೋಣೆಯಲ್ಲಿ ಪೆಟ್ಟಿಗೆ ತೆರೆದಿತ್ತು. ಆರ್ಚಿಯ ಅಪ್ಪ ಗಾಳದ ಮುಳ್ಳಿಗೆ ಗರಿ, ರೇಷ್ಮೆ ಸುತ್ತಿ ಮೀನಿನ ಆಮಿಷಕ್ಕೆಂದು ಕಟ್ಟಿದ್ದ ಮೂವತ್ತು ಕೃತಕ ನೊಣಗಳು. ಮರುದಿನ ಅವುಗಳ ಪ್ರದರ್ಶನ. ನಾಲ್ಕನ್ನು ಬಿಟ್ಟು ಎಲ್ಲದರ ರೆಕ್ಕೆಯನ್ನೂ ಯಾರೋ ಕತ್ತರಿಸಿದ್ದರು. ಪಕ್ಕದಲ್ಲಿ ಊನಾ ಮ್ಯಾಕಿಯ ಕತ್ತರಿ ಬಿದ್ದಿತ್ತು.

ಊನಾ ಪ್ಲಾಸ್ಟಿಕ್ ಎಳೆ, ಬೆಳಕು ತಾಗಿದರೆ ಗಟ್ಟಿಯಾಗುವ ಅಂಟು ಎಂದು ದಿನಕ್ಕೊಂದು ಹೊಸದನ್ನು ಹಾಕಿ ನೊಣ ಕಟ್ಟುವವಳು. ಅವಳಿಗೂ ಆರ್ಚಿಗೂ ಎಣ್ಣೆ ಸೀಗೆಕಾಯಿ. ಗಂಡ ಸತ್ತ ಮೇಲೆ ಅವಳನ್ನು ಮನೆಯಿಂದ ಹೊರಗೆಳೆದದ್ದು ಇದೇ ಕೋಣೆಯಲ್ಲಿ ಅವಳು ನಡೆಸುವ ಶನಿವಾರದ ತರಗತಿಯೊಂದೇ.

"ಗರಿ ಕಾಲ ಮುಗೀತು ಅಂತಿದ್ಲಲ್ಲ, ಮುಗಿಸೇಬಿಟ್ಲು," ಎಂದ ಆರ್ಚಿ, ಸುತ್ತ ನೆರೆದಿದ್ದ ಸಂಘದವರತ್ತ ತಿರುಗಿ. "ಸಂಜೆ ಸಭೇಲಿ ಇವಳನ್ನ ಸಂಘದಿಂದ ತೆಗೀಲೇಬೇಕು."

"ಕತ್ತರಿ ಇಲ್ಲಿ ಮರೆತೆ. ಅಷ್ಟೇ ನನ್ನ ತಪ್ಪು," ಎಂದಳು ಗೋಡೆ ಬದಿ ನಿಂತಿದ್ದ ಊನಾ.

"ಕೀಲಿ ಯಾರ ಹತ್ರ ಇತ್ತು ಆರ್ಚಿ?" ಇಸ್ಬೆಲ್ ಕೇಳಿದಳು.

"ಇಷ್ಟು ವರ್ಷ ನನ್ನೊಬ್ಬನ ಹತ್ರ. ನಿನ್ನೆ ಸಂಜೆಯಷ್ಟೇ ಬೀಗ ತೆಗೆದಿಟ್ಟೆ. ಅಪ್ಪ ಕಟ್ಟಿದ್ದರಲ್ಲಿ ಒಂದೆಳೆನೂ ನಾನು ಮುಟ್ಟಿದವನಲ್ಲ."

ಪೆಟ್ಟಿಗೆಯ ಮೂಲೆಯಲ್ಲಿ ಮರಳಿನಂಥ ಕಾಳುಗಳಿದ್ದವು. ಇಸ್ಬೆಲ್ ಅವನ್ನು ಕಾಗದಕ್ಕೆ ಉದುರಿಸಿಕೊಂಡು, ಸರಿಯಾಗಿದ್ದ ನಾಲ್ಕು ನೊಣಗಳನ್ನು ಎತ್ತಿಕೊಂಡಳು.

"ಹಾಳಾದದ್ದು ಬಿಟ್ಟು ಚೆನ್ನಾಗಿರೋದನ್ನ ನೋಡ್ತೀರಲ್ಲ!" ಎಂದ ಫರ್ಗಸ್.

"ಇವೇ ಕಣಯ್ಯಾ ನನಗೆ ತಲೆನೋವು."

ಸಂಜೆ ಎಲ್ಲರೂ ಸೇರಿದಾಗ ಇಸ್ಬೆಲ್ ಬೆಂಕಿಕಡ್ಡಿ ಗೀರಿದಳು. ಕತ್ತರಿಸಿದ ರೆಕ್ಕೆಯ ಚೂರು ಕೂದಲು ಸುಟ್ಟ ವಾಸನೆ ಬೀರಿತು. ಸರಿಯಾಗಿದ್ದ ನೊಣದ ಎಳೆ ಕರಗಿ ಕಪ್ಪು ಮಣಿಯಾಯಿತು.

"ಇದು ಗರಿಯಲ್ಲ, ಪ್ಲಾಸ್ಟಿಕ್," ಎಂದಳು ದಣಿದ ದನಿಯಲ್ಲಿ. "ಆರ್ಚಿಯ ಅಪ್ಪ ಸತ್ತು ನಲವತ್ತು ವರ್ಷ. ಈ ಎಳೆ ಬಂದು ಐದೇ ವರ್ಷ. ಕೀಲಿ ಇದ್ದದ್ದು ಆರ್ಚಿ ಹತ್ರ. ಅಂದ್ರೆ ಈ ನಾಲ್ಕನ್ನ ಕಟ್ಟಿ ಒಳಗಿಟ್ಟವನು ಅವನೇ. ಯಾಕೆ? ಈ ಕಾಳು ನುಸಿ ಹಿಕ್ಕೆ. ನುಸಿ ಗರಿ ತಿನ್ನುತ್ತೆ, ಪ್ಲಾಸ್ಟಿಕ್ ಮುಟ್ಟಲ್ಲ. ಹಾಳಾದದ್ದರ ಬದಲು ಹೊಸದು ಕಟ್ಟಿಡ್ತಾ ಬಂದ. ನುಸಿ ಅವನಿಗಿಂತ ಚುರುಕಾಗಿತ್ತು. ನಾಳೆ ಪ್ರದರ್ಶನ. ತಿಂದ ಗುರುತು ಕಾಣದ ಹಾಗೆ ಊನಾ ಕತ್ತರೀಲಿ ರೆಕ್ಕೆ ಕತ್ತರಿಸಿದ. ತಾನು ಕಟ್ಟಿದ್ದನ್ನ ಕತ್ತರಿಸೋಕೆ ಮಾತ್ರ ಕೈ ಬರಲಿಲ್ಲ. ಅಲ್ವೇನಯ್ಯಾ?"

ಆರ್ಚಿ ಕುರ್ಚಿಯಲ್ಲಿ ಕುಸಿದ. "ನೊಣ ಕಟ್ಟೋಕೆ ಹೊಸ ಚರ್ಮ ತಂದ್ರೆ ಅದರಲ್ಲಿರೋ ನುಸಿ ಸಾಯೋಕೆ ಎರಡು ವಾರ ಫ್ರೀಜರ್‌ನಲ್ಲಿಡ್ಬೇಕು ಅಂತ ನಾನೇ ಊರಿಗೆಲ್ಲ ಹೇಳ್ತಿದ್ದೆ. ಒಂದು ಮೊಲದ ಚರ್ಮಕ್ಕೆ ಫ್ರೀಜರ್‌ನಲ್ಲಿ ಜಾಗ ಇರ್ಲಿಲ್ಲ. ಪೆಟ್ಟಿಗೆ ಪಕ್ಕದಲ್ಲೇ ಇಟ್ಟೆ. ಅಪ್ಪನ ಕೈಕೆಲಸ ನನ್ನಿಂದ ಹೋಯ್ತು ಅಂತ ಹ್ಯಾಗೆ ಹೇಳ್ಲಿ?"

ಊನಾ ಒಂದು ನೊಣವನ್ನು ತಿರುಗಿಸಿ ನೋಡಿದಳು. "ಚೆನ್ನಾಗಿ ಕಟ್ಟಿದೀಯ. ನನ್ನ ಕೇಳಿದ್ರೆ ಉಳಿದವನ್ನೂ ಕೂತು ಕಟ್ಟಿಕೊಡ್ತಿದ್ದೆ."

ಅವಳು ತನ್ನ ಸಾಮಾನು ಚೀಲಕ್ಕೆ ತುಂಬಿಕೊಂಡಳು. ಫರ್ಗಸ್ ಬಾಗಿಲವರೆಗೂ ಹಿಂದೆ ಹೋದ. "ಶನಿವಾರ ತರಗತಿ ಇದೆ ತಾನೇ?"

"ಇಲ್ಲಪ್ಪ. ಬೆಳಿಗ್ಗೆ ಇಷ್ಟು ಜನ ಇದ್ರಿ. ಊನಾ ಇಂಥದ್ದು ಮಾಡೋಳಲ್ಲ ಅಂತ ಒಬ್ರೂ ಅನ್ನಲಿಲ್ಲ. ನೀನೂ ಅನ್ನಲಿಲ್ಲ."

ಫರ್ಗಸ್ ನಾಚಿಕೆಯಿಂದ ತಲೆ ತಗ್ಗಿಸಿ ಅವಳಿಗೆ ದಾರಿ ಬಿಟ್ಟ.